ಒಂದು ಬಟನ್ ಒತ್ತಿದರೆ ಗೋಡೆ ಆಗುವುದಿಲ್ಲ

ಮಾನ್ಯ ಸಂಪಾದಕರೆ,

ವಿಡಿಯೊ ಗೇಮ್ ಮಾಡಿಂಗ್ (ಆಟವನ್ನು ನಮಗೆ ಬೇಕಾದಂತೆ ಬದಲಿಸುವುದು) ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಗೇಮ್ ಎಂದರೆ ಮಕ್ಕಳು ಹಾಳಾಗುತ್ತಾರೆ ಎಂದು ಬರೆಯುವವರೇ ಹೆಚ್ಚು. ಅಂಥದ್ದರಲ್ಲಿ ಆಟದೊಳಗಿನ ಗೋಡೆ, ನೆಲವನ್ನು ತಾವೇ ಮಾಡಿ ಹಾಕಿಕೊಳ್ಳಲು ಹೇಳಿಕೊಡುವ ಲೇಖನ ಬಂದದ್ದು ಸಂತೋಷ. ಆದರೆ ಅದರಲ್ಲಿನ ಮುಖ್ಯ ಮಾತೇ ಅರ್ಧ ಸತ್ಯ. 'ಗೋಡೆಯ ಫೋಟೊ ತೆಗೆಯಿರಿ, ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಟೈಲ್ ಸೀಮ್‌ಲೆಸ್ ಫಿಲ್ಟರ್ ಒತ್ತಿ, ಟೆಕ್ಸ್ಚರ್ ಸಿದ್ಧ' ಎಂದು ನಂಬಿ ಬಳ್ಳಾರಿ, ಕೊಪ್ಪಳ, ರಾಯಚೂರಿನ ಹುಡುಗರು ಕೂತರೆ ಮೊದಲ ದಿನವೇ ಬೇಸತ್ತು ಎದ್ದುಹೋಗುತ್ತಾರೆ. ಆ ಅರ್ಧವನ್ನು ಪೂರ್ತಿ ಮಾಡಲು ಈ ಪತ್ರ. ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕಾದರೆ ಅಂಕಿಗಳನ್ನು ಉಳಿಸಿ ಉಳಿದದ್ದನ್ನು ಕತ್ತರಿಸಿ.

ಟೈಲ್ ಆಗುವ ಟೆಕ್ಸ್ಚರ್ ಎಂದರೆ ಒಂದು ಚೌಕ ಚಿತ್ರ. ಆಟ ಅದನ್ನೇ ಪಕ್ಕಪಕ್ಕ, ಮೇಲೆ ಕೆಳಗೆ ಹಾಸುತ್ತ ಹೋಗುತ್ತದೆ. ಪಡಸಾಲೆಗೆ ಶಹಾಬಾದ್ ಪರಸಿ ಹಾಸಿದ ಹಾಗೆ, ಆದರೆ ಪ್ರತಿ ಪರಸಿಯೂ ಹಿಂದಿನದರ ಪಡಿಯಚ್ಚು. ಬಲ ಅಂಚಿನ ಕೊನೆಯ ಪಿಕ್ಸೆಲ್ ಸಾಲಿಗೆ ಎಡ ಅಂಚಿನ ಮೊದಲ ಸಾಲು ನೆರೆಮನೆ. ಆ ಎರಡು ಸಾಲು ಒಂದೇ ಇರಬೇಕು ಎಂದು ಲೇಖನದಲ್ಲಿ ಬರೆದಿದೆ, ಅದು ತಪ್ಪು. ಒಂದೇ ಆದರೆ ಅದೇ ಸಾಲು ಎರಡು ಸಲ ಬಂದು ಗೆರೆ ಕಾಣುತ್ತದೆ, 16 ಪಿಕ್ಸೆಲ್‌ನ ಚಿಕ್ಕ ಚಿತ್ರದಲ್ಲಂತೂ ಎದ್ದು ಕಾಣುತ್ತದೆ. ಒಂದು ಬಿಟ್ಟಲ್ಲಿಂದ ಇನ್ನೊಂದು ಮುಂದುವರಿಯಬೇಕು, ಅಷ್ಟೇ.

ಇನ್ನು ಆ ಫಿಲ್ಟರ್. ಅದು ಚಿತ್ರದ ಮೇಲೆ ಅದೇ ಚಿತ್ರದ ಜರುಗಿಸಿದ ಪ್ರತಿಯನ್ನು ತೆಳುವಾಗಿ ಬೆರೆಸುತ್ತದೆ. ಅಂಚು ಕೂಡುವುದು ನಿಜ. ಆದರೆ ಎರಡು ಚಿತ್ರ ಒಂದರ ಮೇಲೊಂದು ಕೂತಿರುವುದರಿಂದ ಎಲ್ಲವೂ ಮಸುಕಾಗಿ, ಕಲ್ಲಿನ ಕಾಳು ಕಾಳು ಕರಿ ಚುಕ್ಕಿ ಎರಡೆರಡಾಗಿ ಕಾಣುತ್ತದೆ. ಮರಳು, ಸಣ್ಣ ಜಲ್ಲಿ, ಮಸಾರಿ ಮಣ್ಣಿಗೆ ನಡೆಯುತ್ತದೆ. ಇಟ್ಟಿಗೆ ಗೋಡೆಗೆ ಹಾಕಿ ನೋಡಿ, ಇಟ್ಟಿಗೆಯ ನಡುವೆ ದೆವ್ವದಂತೆ ಇನ್ನೊಂದು ಇಟ್ಟಿಗೆ ತೇಲುತ್ತದೆ. ಬಿರುಕು ಬಿಟ್ಟ ಎರೆ ಮಣ್ಣಿಗೂ ಅದೇ ಗತಿ.

ಕೆಲಸ ಶುರುವಾಗುವುದು ಫೋಟೊದಿಂದ, ಅರ್ಧ ಕೆಲಸ ಕೆಡುವುದೂ ಅಲ್ಲೇ. ನಮ್ಮ ಕಡೆಯ ಬಿಸಿಲು ಟೆಕ್ಸ್ಚರ್‌ಗೆ ಶತ್ರು. ಮಧ್ಯಾಹ್ನ ತೆಗೆದ ಗ್ರಾನೈಟ್ ಬಂಡೆಯ ಫೋಟೊದಲ್ಲಿ ಪ್ರತಿ ಉಬ್ಬಿಗೂ ಕಡುಕಪ್ಪು ನೆರಳು ಅಂಟಿಕೊಂಡಿರುತ್ತದೆ. ಆಟದ ಸೂರ್ಯ ಬೇರೆ ದಿಕ್ಕಿನಲ್ಲಿದ್ದರೆ ಆ ನೆರಳು ಸುಳ್ಳು ಹೇಳುತ್ತದೆ, ಉಬ್ಬು ತಗ್ಗಾಗಿ ಕಾಣುತ್ತದೆ. ಮುಂಗಾರಿನ ಮೋಡ ಕವಿದ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಾದರೆ ಸೂರ್ಯ ಏಳುವ ಮೊದಲಿನ ಬೆಳಕು, ಇಲ್ಲವೇ ಇಡೀ ಗೋಡೆ ನೆರಳಿನಲ್ಲಿರುವ ಸಮಯ. ಅರ್ಧ ನೆರಳು ಅರ್ಧ ಬಿಸಿಲು ಮಾತ್ರ ಬೇಡವೇ ಬೇಡ. ಫ್ಲ್ಯಾಶ್ ಆರಿಸಿ. ಎಚ್‌ಡಿಆರ್ ಆರಿಸಲು ಬಂದರೆ ಅದನ್ನೂ ಆರಿಸಿ.

ಗೋಡೆಗೆ ಅಂಟಿಕೊಂಡು ನಿಂತು ತೆಗೆಯಬೇಡಿ. ಮೊಬೈಲಿನ ಅಗಲ ಲೆನ್ಸ್ ಅಂಚುಗಳನ್ನು ಹೊರಕ್ಕೆ ಬಾಗಿಸುತ್ತದೆ. ಎರಡೂವರೆ ಮೂರು ಮೀಟರ್ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ, ಪರದೆಯ ಮೇಲಿನ ಗ್ರಿಡ್ ಗೆರೆ ಇಟ್ಟಿಗೆಯ ಸಾಲಿಗೆ ಕೂಡುವಂತೆ ಹಿಡಿದು, ಬೆಳಕು ಮತ್ತು ಫೋಕಸ್ ಲಾಕ್ ಮಾಡಿ ತೆಗೆಯಿರಿ. ಒಂದೇ ಜಾಗದ ನಾಲ್ಕೈದು ಫೋಟೊ ಇರಲಿ; ಮುಂದೆ ತೇಪೆ ಹಾಕಲು ಬೇಕಾಗುತ್ತವೆ. ಚಿತ್ರದ ಅಂಚಿಗೆ ಬೀಳುವಂತೆ ಒಂದು ಅಳತೆ ಟೇಪು ಬಿಡಿಸಿಟ್ಟರೆ ಆಮೇಲೆ ಕಲ್ಲಿನ ನಿಜ ಗಾತ್ರ ಊಹಿಸಬೇಕಿಲ್ಲ.

ಗಿಂಪ್‌ನಲ್ಲಿ ತೆರೆದ ಮೇಲೆ ಮೊದಲು ಪರ್ಸ್ಪೆಕ್ಟಿವ್ ಉಪಕರಣದಿಂದ ನೇರ ಮಾಡಿ. ತಿರುಗಿಸಿದಾಗ ಮೂಲೆಗಳಲ್ಲಿ ಪಾರದರ್ಶಕ ಸಂದು ಉಳಿಯುತ್ತದೆ, ಹಾಗಾಗಿ ಎಲ್ಲ ಬದಿಯಿಂದ 20 ಪಿಕ್ಸೆಲ್ ಒಳಗೆ ಸರಿದು ಚೌಕವಾಗಿ ಕತ್ತರಿಸಿ. ಆಮೇಲೆ 512 ಅಥವಾ 1024ಕ್ಕೆ ಇಳಿಸಿ. ಯಾಕೆ ಇವೇ ಅಂಕಿ? ದೂರದ ಗೋಡೆಗೆ ಆಟ ಇದೇ ಚಿತ್ರದ ಅರ್ಧ, ಕಾಲು, ಎಂಟನೇ ಒಂದು ಭಾಗದ ಪ್ರತಿಗಳನ್ನು ಬಳಸುತ್ತದೆ; ಮಿಪ್‌ಮ್ಯಾಪ್ ಎನ್ನುತ್ತಾರೆ. 1024 ಎಷ್ಟು ಸಲ ಅರ್ಧ ಮಾಡಿದರೂ ಶೇಷವಿಲ್ಲದೆ 1ಕ್ಕೆ ಇಳಿಯುತ್ತದೆ. 1000 ಮೂರೇ ಸಲಕ್ಕೆ 125 ಆಗಿ ನಿಲ್ಲುತ್ತದೆ. ಆಟ ಓಡಿಸುವ ಹೊಸ ಎಂಜಿನ್‌ಗಳು ಬೇರೆ ಅಳತೆಯನ್ನೂ ಸಹಿಸುತ್ತವೆ. ಹಳೆಯ ಆಟಗಳಲ್ಲಿ ಗೋಡೆ ಬಿಳಿಯಾಗುತ್ತದೆ, ಇಲ್ಲವೇ ಆಟವೇ ಬಿದ್ದುಹೋಗುತ್ತದೆ.

ಈಗ ಯಾರೂ ಹೇಳಿಕೊಡದ ಹೆಜ್ಜೆ. ಮೋಡದಲ್ಲಿ ತೆಗೆದ ಫೋಟೊದಲ್ಲೂ ಮೇಲ್ಭಾಗ ತಿಳಿ, ಕೆಳಭಾಗ ಕಪ್ಪು ಇರುತ್ತದೆ. ಒಂದು ಚೌಕದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಹತ್ತು ಚೌಕ ಹಾಸಿದರೆ ಪಟ್ಟಾಪಟ್ಟಿ ಚಡ್ಡಿ ಆಗುತ್ತದೆ. ಇದನ್ನು ತೆಗೆಯಲು ಲೇಯರ್ (ಚಿತ್ರದ ಪದರ) ನಕಲು ಮಾಡಿ, ಮೇಲಿನ ನಕಲಿಗೆ ಗಾಸಿಯನ್ ಬ್ಲರ್ ಎಂಬ ಮಸುಕು ಫಿಲ್ಟರ್ ಕೊಡಿ. 1024ರ ಚಿತ್ರಕ್ಕೆ 100ರಿಂದ 150. ಕಲ್ಲೂ ಸಂದೂ ಕರಗಿ ಬೆಳಕಿನ ಏರಿಳಿತ ಮಾತ್ರ ಉಳಿಯಬೇಕು. ಆ ಲೇಯರ್‌ನ ಮೋಡ್ 'ಗ್ರೇನ್ ಎಕ್ಸ್‌ಟ್ರ್ಯಾಕ್ಟ್' ಮಾಡಿ. ಚಿತ್ರ ಬೂದಿ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಅದರ ಮೇಲೆ ಇನ್ನೊಂದು ಲೇಯರ್ ಇಟ್ಟು ಕಲ್ಲಿನ ಸರಾಸರಿ ಬಣ್ಣ ತುಂಬಿ, ಮೋಡ್ 'ಗ್ರೇನ್ ಮರ್ಜ್' ಮಾಡಿ. ಸರಾಸರಿ ಬಣ್ಣ ಬೇಕೆಂದರೆ ಮೂಲ ಚಿತ್ರದ ಒಂದು ಪ್ರತಿಯನ್ನು 1×1 ಪಿಕ್ಸೆಲ್‌ಗೆ ಇಳಿಸಿ ಆ ಚುಕ್ಕೆಯ ಬಣ್ಣ ಎತ್ತಿಕೊಳ್ಳಿ. ನಡೆದ ಲೆಕ್ಕ ಇಷ್ಟೇ: ಮೂಲದಿಂದ ಬ್ಲರ್ ಕಳೆದು, ಸರಾಸರಿ ಕೂಡಿಸಿದ್ದು. ಬೆಳಕಿನ ಇಳಿಜಾರು ಹೋಗಿ ಕಾಳು ಉಳಿಯುತ್ತದೆ. ಬ್ಲರ್ 20, 30 ಕೊಟ್ಟರೆ ಮಾತ್ರ ಕಲ್ಲು ಕಲ್ಲಿನ ನಡುವಿನ ಬಣ್ಣ ವ್ಯತ್ಯಾಸವೂ ಅಳಿಸಿಹೋಗಿ ಗೋಡೆ ಸತ್ತ ಹಾಗೆ ಕಾಣುತ್ತದೆ. ಮುಗಿದ ಮೇಲೆ ಫ್ಲ್ಯಾಟನ್ ಮಾಡಿ, ಅಂದರೆ ಪದರಗಳನ್ನೆಲ್ಲ ಒಂದಾಗಿಸಿ.

ಇನ್ನು ಹೊಲಿಗೆ. ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿ ಆಫ್‌ಸೆಟ್ ಇದೆ, ಚಿತ್ರವನ್ನು ಜರುಗಿಸುವ ಆಜ್ಞೆ. ಕಂಟ್ರೋಲ್, ಶಿಫ್ಟ್, ಓ ಒತ್ತಿದರೂ ಬರುತ್ತದೆ. 'ರ್‍ಯಾಪ್ ಅರೌಂಡ್' (ಒಂದು ಅಂಚಿನಿಂದ ಹೊರಹೋದದ್ದು ಎದುರಿನಿಂದ ಬರುವುದು) ಆಯ್ಕೆ ಆಗಿರಲೇಬೇಕು, ಪಾರದರ್ಶಕ ಎಂಬುದು ಆಯ್ಕೆಯಾಗಿದ್ದರೆ ಅರ್ಧ ಚಿತ್ರ ಮಾಯ. ಅಗಲ, ಎತ್ತರ ಎರಡನ್ನೂ ಒಟ್ಟಿಗೆ ಅರ್ಧ ಜರುಗಿಸಿ ನಡುವೆ ಮೂಡುವ ಕೂಡುಗೆರೆಯನ್ನು ಅಳಿಸಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದರಲ್ಲೊಂದು ಗುಂಡಿ ಇದೆ. ಆ ಕೂಡುಗೆರೆಯ ನಾಲ್ಕೂ ತುದಿ ಚಿತ್ರದ ಅಂಚಿಗೆ ಹೋಗಿ ಮುಟ್ಟುತ್ತವೆ. ಅಂಚುಗಳು ಈಗ ಒಂದಕ್ಕೊಂದು ಕೂಡಿಕೊಂಡಿವೆ; ತುದಿಯಲ್ಲಿ ಕ್ಲೋನ್ (ಒಂದು ಕಡೆಯದನ್ನು ಇನ್ನೊಂದು ಕಡೆಗೆ ನಕಲು ಮಾಡುವ ಬ್ರಷ್) ಹೊಡೆದ ಕೂಡಲೇ ಕೂಡಿದ್ದು ಬಿಟ್ಟುಹೋಗುತ್ತದೆ. ಒಂದು ಹೊಲಿಗೆ ಹಾಕಿ ಇನ್ನೊಂದು ಬಿಚ್ಚಿದಂತೆ. 'ಎಲ್ಲ ಸರಿ ಮಾಡಿದರೂ ಅಂಚಿನ ನಡುಮಧ್ಯೆ ಒಂದು ಕಲೆ ಉಳಿಯುತ್ತದೆ' ಎಂದು ಹುಡುಗರು ಕೇಳುವುದಕ್ಕೆ ಕಾರಣ ಇದೇ.

ಆದ್ದರಿಂದ ಒಂದೊಂದೇ ದಿಕ್ಕು ಹಿಡಿಯಿರಿ. 1024ರ ಚಿತ್ರವಾದರೆ ಮೊದಲು ಎಕ್ಸ್ 512, ವೈ 0. ನಡುವೆ ಒಂದೇ ಲಂಬ ಗೆರೆ ಕಾಣುತ್ತದೆ. ಮೇಲಿಂದ ಕೆಳತನಕ ಅದನ್ನು ಮುಚ್ಚಿ. ಮೇಲಿನ ಕೆಳಗಿನ ಅಂಚು ಇನ್ನೂ ಕೂಡಿಲ್ಲವಾದ್ದರಿಂದ ಅಲ್ಲಿ ಕೈ ತಾಗಿದರೂ ನಷ್ಟವಿಲ್ಲ. ಆಮೇಲೆ ಎಕ್ಸ್ 0, ವೈ 512. ಈಗ ಅಡ್ಡ ಗೆರೆ. ಇದನ್ನು ಮುಚ್ಚುವಾಗ ಎಡಬಲ ತುದಿಯಲ್ಲಿ ಒಂದು ಬ್ರಷ್‌ನಷ್ಟು, 60 ಪಿಕ್ಸೆಲ್ ಅನ್ನಿ, ಹಾಗೇ ಬಿಡಿ. ಕೊನೆಗೆ ಎಕ್ಸ್ 256 ಜರುಗಿಸಿದರೆ ಬಿಟ್ಟ ತುಣುಕು ಒಳಗೆ ಬರುತ್ತದೆ, ಅಲ್ಲಿ ಮುಚ್ಚಿ. ಮೂರೇ ಸಲದಲ್ಲಿ ಕೆಲಸ ಮುಗಿಯಿತು.

ಬ್ರಷ್ 60ರಿಂದ 100 ಪಿಕ್ಸೆಲ್, ಹಾರ್ಡ್‌ನೆಸ್ 50ರ ಆಸುಪಾಸು. ಸಪಾಟು ಮಣ್ಣು, ಗಾರೆ, ಬಂಡೆಯ ಮೈಗೆ ಹೀಲ್. ಬಿರುಕು, ಸಂದು, ಇಟ್ಟಿಗೆಯ ಅಂಚಿಗೆ ಕ್ಲೋನ್. ಹೀಲ್ ಉಪಕರಣ ಸುತ್ತಲಿನ ಬಣ್ಣ ನೋಡಿ ಬೆರೆಸುವುದರಿಂದ ಕಪ್ಪು ಬಿರುಕಿನ ಮೇಲೆ ಓಡಿಸಿದರೆ ಮಸಿ ಒರೆಸಿದಂತೆ ಹರಡುತ್ತದೆ. ಮೂಲ ಬಿಂದುವನ್ನು ಮೇಲಿಂದ ಮೇಲೆ ಬದಲಿಸಿ. ಒಂದೇ ಕಡೆಯಿಂದ ಎತ್ತಿದರೆ ಅವಳಿ ಕಲ್ಲುಗಳು ಸಾಲಾಗಿ ನಿಲ್ಲುತ್ತವೆ. ಗೆರೆಯನ್ನು ನೆಟ್ಟಗೆ ಮುಚ್ಚಬೇಡಿ, ಅಂಕುಡೊಂಕಾಗಿ ಹೋಗಿ. ಒಂದು ಕಡೆಯ ಇಡೀ ಕಲ್ಲನ್ನೇ ಗೆರೆಯ ಮೇಲೆ ತಂದು ಕೂರಿಸಿದರೆ ಇನ್ನೂ ಚೆನ್ನ.

ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಇದ್ದವರಿಗೆ ಇಷ್ಟು ಪಾಡಿಲ್ಲ. ಡಬ್ಲ್ಯೂ ಕೀಲಿ ಒತ್ತಿದರೆ ಚಿತ್ರ ಎಲ್ಲ ದಿಕ್ಕಿಗೂ ಹಾಸಿಕೊಳ್ಳುತ್ತದೆ, ಬಲಕ್ಕೆ ದಾಟಿದ ಬ್ರಷ್ ಎಡದಿಂದ ಬರುತ್ತದೆ. ಅದು ನಡೆಯದಿದ್ದರೆ ಸೆಟ್ಟಿಂಗ್‌ನಲ್ಲಿ ಕ್ಯಾನ್ವಾಸ್ ಗ್ರಾಫಿಕ್ಸ್ ವೇಗವರ್ಧನೆ ಆರಿಸಿಟ್ಟಿರಬಹುದು, ನೋಡಿ. ಗಿಂಪ್, ಕ್ರಿಟಾ ಎರಡೂ ಉಚಿತ. ಕಂಪ್ಯೂಟರೇ ಇಲ್ಲದವರು ಮೊಬೈಲ್ ಬ್ರೌಸರ್‌ನಲ್ಲಿ ಫೋಟೊಪಿ ತೆರೆಯಬಹುದು, ಅದರಲ್ಲೂ ಆಫ್‌ಸೆಟ್ ಇದೆ. ಬೆರಳಿನಲ್ಲಿ ಕ್ಲೋನ್ ಮಾಡುವ ತಾಳ್ಮೆ ಬೇಕು.

ಇಟ್ಟಿಗೆ ಗೋಡೆಗೆ ಕುಸುರಿಗಿಂತ ಲೆಕ್ಕ ಮುಖ್ಯ. ಸಾಲಿನಿಂದ ಸಾಲಿಗೆ ಅರ್ಧ ಇಟ್ಟಿಗೆ ಸರಿದಿರುವುದರಿಂದ ಚೌಕದೊಳಗಿನ ಸಾಲುಗಳು ಸಮಸಂಖ್ಯೆಯಲ್ಲೇ ಇರಬೇಕು. 7 ಸಾಲು ಕತ್ತರಿಸಿದರೆ ಏಳನೆಯದೂ ಮುಂದಿನ ಚೌಕದ ಮೊದಲನೆಯದೂ ಒಂದೇ ರೀತಿ ಕೂತು, ಪ್ರತಿ ಏಳು ಸಾಲಿಗೊಮ್ಮೆ ಸಂದು ಸಂದಿನ ಮೇಲೆ ಬೀಳುತ್ತದೆ. ಗೌಂಡಿ ಕಟ್ಟಿದರೆ ಬೈಸಿಕೊಳ್ಳುವ ಗೋಡೆ ಅದು. ಗಾರೆಯೂ ಸೇರಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರ ಬರುವ ಮಾಡ್ಯುಲರ್ ಇಟ್ಟಿಗೆಯಾದರೆ 1.6 ಮೀಟರ್ ಚೌಕ ಹಿಡಿಯಿರಿ: ಅಡ್ಡಕ್ಕೆ 8 ಇಟ್ಟಿಗೆ, ಮೇಲಕ್ಕೆ 16 ಸಾಲು. 1024ರಲ್ಲಿ ಪ್ರತಿ ಇಟ್ಟಿಗೆ 128 ಪಿಕ್ಸೆಲ್, ಪ್ರತಿ ಸಾಲು 64, ಒಂದು ಸೆಂ.ಮೀ. ಗಾರೆ ಸುಮಾರು 6. ಗಿಂಪ್‌ನ ಗ್ರಿಡ್ ಅನ್ನು 128×64ಕ್ಕೆ ಇಟ್ಟು ಫೋಟೊವನ್ನು ಅದಕ್ಕೆ ಎಳೆದು ಕೂರಿಸಿದರೆ ಹೊಲಿಗೆ ಕೆಲಸ ಮುಕ್ಕಾಲು ಕಡಿಮೆಯಾಗುತ್ತದೆ. ಕತ್ತರಿ ಬೀಳಬೇಕಾದದ್ದು ಗಾರೆಯ ನಟ್ಟನಡುವೆ. ಪರಸಿ ನೆಲಕ್ಕೂ ಇದೇ, ಸಂದಿನ ಮಧ್ಯದಿಂದ ಸಂದಿನ ಮಧ್ಯಕ್ಕೆ.

ಕೋಟೆಯ ಕಲ್ಲಿನ ವಿಷಯ ಬೇರೆ. ರಾಯಚೂರು ಒಳಕೋಟೆಯ ಗೋಡೆಯಂತೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಕಡೆ ಸಂದು ಬರಿ ಕೂದಲೆಳೆ. 4 ಮೀಟರ್ ಗೋಡೆಯನ್ನು 512ಕ್ಕೆ ಇಳಿಸಿದರೆ ಒಂದು ಪಿಕ್ಸೆಲ್‌ಗೆ 0.8 ಸೆಂ.ಮೀ. ಬರುತ್ತದೆ; ಸಂದು ಅರ್ಧ ಕಡೆ ಮಾಯ, ಅರ್ಧ ಕಡೆ ಚುಕ್ಕಿ ಚುಕ್ಕಿ. ಅಂಥದ್ದಕ್ಕೆ 1024ಕ್ಕಿಂತ ಕಡಿಮೆ ಬೇಡ. ದೊಡ್ಡ ಕಲ್ಲಿನ ಗೋಡೆಯಲ್ಲಿ ಚೌಕಕ್ಕೆ ಮೂರೇ ಕಲ್ಲು ಹಿಡಿದರೆ ಕಣ್ಣು ಕೂಡಲೇ ಪುನರಾವರ್ತನೆ ಗುರುತಿಸುತ್ತದೆ, ಹತ್ತು ಹನ್ನೆರಡಾದರೂ ಇರಲಿ. ಕೋಟೆ, ಗುಡಿಯ ಕಲ್ಲಿಗೆ ಬಳಪ ಹಚ್ಚುವುದು, ನೀರು ಎರಚಿ ಬಣ್ಣ ಎಬ್ಬಿಸುವುದು ಯಾವ ಟೆಕ್ಸ್ಚರ್‌ಗೂ ಅಗತ್ಯವಿಲ್ಲ.

ಅಂಚು ಕೂಡಿತು ಎಂದರೆ ಮುಗಿಯಿತು ಎಂದಲ್ಲ. ಬಿಳಿ ಕಲ್ಲೊಂದು, ಒಣ ಎಲೆಯೊಂದು, ಹೆಚ್ಚು ಕರಿದಾದ ಒಂದು ಇಟ್ಟಿಗೆ ಇದ್ದರೆ ಸಾಕು, ದೂರದಿಂದ ಸೀರೆಯ ಬುಟ್ಟದಂತೆ ಅದೇ ಅದೇ ಸಾಲುಗಟ್ಟುತ್ತದೆ. ಎರೆ ಹೊಲದ ಬಿರುಕು ಈ ವಿಷಯದಲ್ಲಿ ಎಲ್ಲಕ್ಕಿಂತ ಕಷ್ಟದ ವಸ್ತು. ಬೇಸಿಗೆಯಲ್ಲಿ ಸಿಂಧನೂರು, ಸಿರುಗುಪ್ಪ ಕಡೆ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಚೌಕದಲ್ಲಿ ಅಡ್ಡಕ್ಕೆ ಆರೆಂಟು ಹೆಂಟೆಯಾದರೂ ಬರುವಷ್ಟು ಎತ್ತರದಿಂದ ತೆಗೆಯಬೇಕು. ಬಿರುಕುಗಳಲ್ಲಿ ಯಾವುದೋ ಒಂದು ಉಳಿದವಕ್ಕಿಂತ ಅಗಲವಿದ್ದರೆ ಅದನ್ನು ತುಂಬಿ ಸಣ್ಣದು ಮಾಡಿ. ಬಿರುಕು ಅಂಚನ್ನು ದಾಟುವಲ್ಲಿ ಬಣ್ಣ ಹೊಂದಿದರೆ ಸಾಲದು, ದಿಕ್ಕೂ ಅಗಲವೂ ಹೊಂದಬೇಕು. ಇಲ್ಲವಾದರೆ ಅಂಚಿಗೆ ಬಂದು ಕಾಲು ಮುರಿದುಕೊಂಡಂತೆ ತಿರುಗುತ್ತದೆ. ಪರೀಕ್ಷೆಗೆ ಫಿಲ್ಟರ್‌ಗಳ ಮ್ಯಾಪ್ ಪಟ್ಟಿಯಲ್ಲಿರುವ 'ಟೈಲ್'ನಿಂದ 3072×3072 ಮಾಡಿ, ಪರದೆಯ ಜೂಮ್ ಮಾತ್ರ ಶೇಕಡ 25ಕ್ಕೆ ಇಳಿಸಿ, ಕುರ್ಚಿ ಹಿಂದೆ ಸರಿಸಿ ನೋಡಿ. ಕಣ್ಣು ಅರೆ ಮುಚ್ಚಿದಾಗ ಮೊದಲು ಯಾವುದು ಕಾಣುತ್ತದೋ ಅದೇ ಕಳ್ಳ.

ಶಾರ್ಪನ್ (ಚಿತ್ರವನ್ನು ಚುರುಕುಗೊಳಿಸುವುದು) ಮಾಡುವವರಿಗೆ ಒಂದು ಮಾತು. ಹೊಲಿಗೆ ಮುಗಿದ ಚೌಕಕ್ಕೆ ನೇರವಾಗಿ ಶಾರ್ಪನ್, ಬ್ಲರ್ ಕೊಟ್ಟರೆ ಅಥವಾ ಗಾತ್ರ ಇಳಿಸಿದರೆ ಅಂಚಿನಾಚೆ ಏನಿದೆ ಎಂಬುದು ಫಿಲ್ಟರ್‌ಗೆ ಗೊತ್ತಿರುವುದಿಲ್ಲ, ಕೂಡಿದ ಅಂಚಿನಲ್ಲಿ ಮತ್ತೆ ನವಿರಾದ ಗೆರೆ ಹುಟ್ಟುತ್ತದೆ. ಮೇಲಿನ ಒಂಬತ್ತು ಚೌಕದ ಚಿತ್ರಕ್ಕೇ ಫಿಲ್ಟರ್ ಕೊಟ್ಟು, ಎಕ್ಸ್ 1024, ವೈ 1024ರಿಂದ ನಡುವಿನ ಚೌಕವನ್ನು ಕತ್ತರಿಸಿಕೊಳ್ಳಿ.

ಉಳಿಸುವುದು ಪಿಎನ್‌ಜಿಯಲ್ಲಿ. ಜೆಪೆಗ್ ಚಿತ್ರವನ್ನು 8×8ರ ತುಂಡಾಗಿ ಹಿಂಡುತ್ತದೆ, ತೆರೆದು ಉಳಿಸಿ ತೆರೆದು ಉಳಿಸಿ ಮಾಡಿದಷ್ಟೂ ಕೆಡುತ್ತದೆ. ಸ್ಕೈರಿಮ್‌ನಂಥ ಆಟಗಳಿಗೆ ಕೊನೆಯಲ್ಲಿ ಒಂದೇ ಒಂದು ಸಲ ಡಿಡಿಎಸ್ ಎಂಬ ಆಟದ ಚಿತ್ರ ಮಾದರಿಗೆ ಬದಲಿಸಿ. 1024 ಚೌಕ ಹಿಂಡದೆ ಇದ್ದರೆ 4 ಎಂಬಿ ತಿನ್ನುತ್ತದೆ, ಡಿಎಕ್ಸ್‌ಟಿ 5 ಎಂಬ ಹಿಂಡುವ ವಿಧಾನದಲ್ಲಿ 1 ಎಂಬಿ, ಡಿಎಕ್ಸ್‌ಟಿ 1ರಲ್ಲಿ ಅರ್ಧ ಎಂಬಿ. ಮಿಪ್‌ಮ್ಯಾಪ್ ಸೇರಿದರೆ ಮೂರನೇ ಒಂದು ಭಾಗ ಹೆಚ್ಚು. ಗೋಡೆಗೆ ಪಾರದರ್ಶಕತೆ ಬೇಡ, ಡಿಎಕ್ಸ್‌ಟಿ 1 ಸಾಕು. ಮಿಪ್‌ಮ್ಯಾಪ್ ಸೇರಿಸಲು ಮರೆತರೆ ದೂರದ ನೆಲ ನಡೆಯುವಾಗ ಮಿಣಮಿಣ ಕುಣಿಯುತ್ತದೆ. ಸ್ಕೈರಿಮ್‌ನ ನಾರ್ಮಲ್ ಮ್ಯಾಪ್‌ನಲ್ಲಿ (ಉಬ್ಬುತಗ್ಗು ಹೇಳುವ ಜೊತೆ ಚಿತ್ರ) ಆಲ್ಫಾ ಚಾನೆಲ್ (ಸಾಮಾನ್ಯವಾಗಿ ಪಾರದರ್ಶಕತೆಯ ಪದರ) ಹೊಳಪನ್ನು ಹೇಳುತ್ತದೆ. ಅದನ್ನು ಸೇರಿಸದೆ ಬಿಟ್ಟರೆ ಆಟ ಪೂರ್ತಿ ಬಿಳಿ ಎಂದು ಓದಿ, ಕಲ್ಲು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಉಬ್ಬುತಗ್ಗು ತಲೆಕೆಳಗಾಗಿ ಕಂಡರೆ ಹಸಿರು ಚಾನೆಲ್ ತಿರುಗಿಸಿ, ಡೈರೆಕ್ಟ್‌ಎಕ್ಸ್ ಮತ್ತು ಓಪನ್‌ಜಿಎಲ್ ಪದ್ಧತಿಗಳು ಅದರಲ್ಲಿ ಒಂದಕ್ಕೊಂದು ಉಲ್ಟಾ.

ಹಳೆಯ ಆಟಗಳಿಗೆ, ಸ್ಯಾನ್ ಆಂಡ್ರಿಯಾಸ್‌ನಂಥವಕ್ಕೆ, 2048ರ ಗೋಡೆ ಹಾಕುವ ಆಸೆ ಬೇಡ. ಸುತ್ತಲಿನ ಮಸುಕು ಗೋಡೆಗಳ ನಡುವೆ ಅದೊಂದೇ ಹೊಸ ಪೋಸ್ಟರ್ ಅಂಟಿಸಿದಂತೆ ಕಾಣುತ್ತದೆ.

ಹೊಸಬರು ಶುರು ಮಾಡಬೇಕಾದದ್ದು ಲುವಾಂಟಿ ಎಂಬ, ಘನಗಳನ್ನು ಜೋಡಿಸಿ ಕಟ್ಟುವ ಆಟದಿಂದ. 2024ರವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿತ್ತು. ಉಚಿತ, ಮೊಬೈಲ್‌ನಲ್ಲೂ ಓಡುತ್ತದೆ. ಅಲ್ಲಿ ರೂಢಿ 16×16. ಫೋಟೊವನ್ನು 16ಕ್ಕೆ ಇಳಿಸಿದರೆ ಅಂಬಲಿ ಆಗುತ್ತದೆ, ಕೈಯಲ್ಲೇ ಬರೆಯಿರಿ. ಬಳ್ಳಾರಿ ಗುಡ್ಡದ ಕಲ್ಲಿಗೆ ಐದು ಬಣ್ಣ ಸಾಕು: ತುಸು ಕೆಂಪು ಬೆರೆತ ಬೂದಿಯ ಮೂರು ಛಾಯೆ, ಒಂದು ತಿಳಿ, ಒಂದು ಕಪ್ಪು. ಬ್ರಷ್ ಅಲ್ಲ, ಪೆನ್ಸಿಲ್ ಉಪಕರಣ. ಒಂಟಿ ಚುಕ್ಕಿಗಳನ್ನೇ ಚೆಲ್ಲಿದರೆ ಸಿಗ್ನಲ್ ಇಲ್ಲದ ಟಿವಿ ಆಗುತ್ತದೆ. ಎರಡು ಮೂರು ಪಿಕ್ಸೆಲ್‌ನ ಗುಂಪು ಮಾಡಿ, ಅವುಗಳಲ್ಲಿ ಕೆಲವು ಅಂಚು ದಾಟಿ ಆ ಕಡೆಯಿಂದ ಬರಲಿ. ಅಂಚಿಗೆ ಯಾವ ಗುಂಪೂ ತಾಗದಿದ್ದರೆ ಚೌಕದ ಸುತ್ತ ಖಾಲಿ ಚೌಕಟ್ಟು ಬಿದ್ದು, ನೆಲವೆಲ್ಲ ಗ್ರಾಫ್ ಹಾಳೆಯಂತಾಗುತ್ತದೆ. ಮಾಡ್‌ನ ಹೆಸರಿನಲ್ಲಿ ಇಂಗ್ಲಿಷ್‌ನ ಚಿಕ್ಕಕ್ಷರ, ಅಂಕಿ, ಅಡಿಗೆರೆ ಮಾತ್ರ ನಡೆಯುತ್ತವೆ, ಚಿತ್ರದ ಫೈಲಿಗೂ ಅದೇ ಪದ್ಧತಿ ಇಟ್ಟುಕೊಳ್ಳಿ.  ಕೋಡಿನಲ್ಲಿ ಚಿಕ್ಕಕ್ಷರ, ಫೈಲಿನಲ್ಲಿ ದೊಡ್ಡಕ್ಷರ ಇದ್ದು ಚಿತ್ರ ಸಿಗದೆ ಹುಡುಗರು ತಲೆ ಕೆರೆದುಕೊಳ್ಳಬಾರದಲ್ಲ.

ಲೇಖನದಲ್ಲಿ ಚಿತ್ರಗಳನ್ನು 'ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಿ' ಎಂದದ್ದೂ ಸರಿಯಲ್ಲ. ಹುಡುಕಿದಾಗ ಸಿಕ್ಕ ಫೋಟೊ ಯಾರದೋ ಸ್ವತ್ತು, ಮಾಡ್ ಹಂಚಿದ ದಿನ ತಕರಾರು ಬರುತ್ತದೆ. ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ತಾಣಗಳಲ್ಲಿ ಸಿಸಿ 0 ಪರವಾನಗಿಯ ಟೆಕ್ಸ್ಚರ್‌ಗಳಿವೆ, ಬಳಸಲು ಯಾರನ್ನೂ ಕೇಳಬೇಕಿಲ್ಲ. ಆದರೆ ಮಾಳಿಗೆ ಮನೆಯ ಮಣ್ಣಿನ ಗೋಡೆ, ಸಂಡೂರಿನ ಅದಿರಿನ ಕೆಂಪು ಧೂಳು ಕೂತ ರಸ್ತೆ, ಕೊಪ್ಪಳದ ಬಂಡೆ ಬೇಕೆಂದರೆ ಮೊಬೈಲ್ ಹಿಡಿದು ಹೋಗಲೇಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಲೇಖನದ ಜೊತೆ 'ಸಿದ್ಧವಾದ ಟೆಕ್ಸ್ಚರ್' ಎಂದು ಒಂದೇ ಚೌಕ ಅಚ್ಚಾಗಿತ್ತು. ಮುಂದಿನ ಸಲ ಅದೇ ಚೌಕವನ್ನು ಮೂರಕ್ಕೆ ಮೂರು ಜೋಡಿಸಿ, ಒಂಬತ್ತನ್ನೂ ಅಚ್ಚು ಮಾಡಿ. ಹೊಲಿಗೆ ಬಿಟ್ಟಿದ್ದರೆ ಓದುಗರೇ ಬೆರಳಿಟ್ಟು ತೋರಿಸುತ್ತಾರೆ.

— ಗೇಮ್ ಮಾಡಿಂಗ್ ಆಸಕ್ತರು, ಬಳ್ಳಾರಿ